ಅಂದಲೂಸಿನ ಇನ್‌ಲೇ ಕಸುಬು: ಕುರ್ತುಬಾದ ಮಿಂಬರ್‌ನಿಂದ ಮನೆಯ ಟೀಪಾಯಿವರೆಗೆ

(ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣದ ಪಠ್ಯ)



ಈ ಸಾಲಿನ ಪ್ರಕಟಣೆಯಲ್ಲಿ ಹೊಸದೊಂದು ಸಾಲು ಸೇರಿರುವುದನ್ನು ತಾವು ನೋಡಿರುತ್ತೀರಿ. ಎಸೆಸೆಲ್ಸಿ, ಪಿಯುಸಿ, ಪದವಿ, ವೃತ್ತಿಶಿಕ್ಷಣ ಇವುಗಳ ಕೆಳಗೆ "ಮರದ ಇನ್‌ಲೇ ಕೆಲಸವನ್ನು ಉಸ್ತಾದರ ಬಳಿ ಕಲಿಯುತ್ತಿರುವವರು" ಎಂದು ಬರೆದಿದ್ದೇವೆ. ಅದನ್ನು ಓದಿದ ಕೆಲವು ದಾನಿಗಳು ನಮ್ಮನ್ನು ಕೇಳಿದರು: ಇದು ಕೂಲಿಯಲ್ಲವೇ, ಇದಕ್ಕೆ ವಿದ್ಯಾರ್ಥಿವೇತನ ಏಕೆ? ಪ್ರಶ್ನೆ ನ್ಯಾಯವಾದದ್ದು. ಕೊಟ್ಟ ಹಣ ಎಲ್ಲಿ ಹೋಗುತ್ತದೆ ಎಂದು ಕೇಳುವ ಹಕ್ಕು ಕೊಟ್ಟವರಿಗಿದೆ. ನಾವು ಒಂದು ಮಿಂಬರ್‌ನ ಕಥೆಯಿಂದ ಉತ್ತರ ಆರಂಭಿಸುತ್ತೇವೆ.

ಇಂದಿನ ಸ್ಪೇನ್ ದೇಶದ ಕಾರ್ಡೋಬಾ ಪಟ್ಟಣವನ್ನು ನಮ್ಮ ಗ್ರಂಥಗಳು ಕುರ್ತುಬಾ ಎಂದು ಕರೆಯುತ್ತವೆ. ಅಲ್ಲಿಯ ದೊಡ್ಡ ಮಸೀದಿಗೆ 10ನೇ ಶತಮಾನದಲ್ಲಿ ಖಲೀಫ ಎರಡನೇ ಅಲ್ ಹಕಮ್ ಮರದ ಮಿಂಬರ್ ಒಂದನ್ನು ಮಾಡಿಸಿದರು. ಆ ಮಿಂಬರ್ ಇಂದು ಉಳಿದಿಲ್ಲ. ಅದರ ಲೆಕ್ಕ ಉಳಿದಿದೆ. 12ನೇ ಶತಮಾನದ ಭೂಗೋಳಶಾಸ್ತ್ರಜ್ಞ ಅಲ್ ಇದ್ರೀಸಿ ಹಳೆಯ ದಾಖಲೆಗಳಿಂದ ತಿಳಿದು ಬರೆದಂತೆ, ಆ ಕೆಲಸಕ್ಕೆ 7 ವರ್ಷ ಹಿಡಿಯಿತು. 6 ಮಂದಿ ಕಸುಬುದಾರರು, ಅವರ ಕೈಕೆಳಗೆ ಸಹಾಯಕರು. ಕಸುಬುದಾರರಿಗೆ ದಿನಕ್ಕೆ ತಲಾ ಅರ್ಧ ಮಿಸ್ಕಾಲ್ ಮಜೂರಿ. ಮಿಸ್ಕಾಲ್ ಎಂಬ ಮಾತು ಝಕಾತ್ ಕೊಡುವವರಿಗೆ ಹೊಸದಲ್ಲ. 20 ಮಿಸ್ಕಾಲ್ ಚಿನ್ನ, ಅಂದರೆ ಸುಮಾರು 85 ಗ್ರಾಂ, ಚಿನ್ನದ ನಿಸಾಬ್. ದಿನಕ್ಕೆ ಅರ್ಧ ಮಿಸ್ಕಾಲ್ ಎಂದರೆ 40 ದಿನದ ಮಜೂರಿ ಒಂದು ನಿಸಾಬ್‌ಗೆ ಸಮ. ಆ ಬಡಗಿಗಳು ಝಕಾತ್ ಪಡೆಯುವವರ ಸಾಲಿನಲ್ಲಿ ಅಲ್ಲ, ಕೊಡುವವರ ಸಾಲಿನಲ್ಲಿ ನಿಂತಿದ್ದಿರಬೇಕು. ಇದನ್ನು ನಾವು ಈ ಸಭೆಯಲ್ಲಿ ಹೇಳುವುದಕ್ಕೆ ಕಾರಣವಿದೆ, ಮುಂದೆ ಬರುತ್ತೇವೆ.

ಅದೇ ಊರಿನ ಇನ್ನೊಂದು ಮಿಂಬರ್ ನಮ್ಮ ಪುಣ್ಯಕ್ಕೆ ಉಳಿದಿದೆ. ಮುರಾಬಿತ್ ದೊರೆ ಅಲಿ ಇಬ್ನ್ ಯೂಸುಫ್ ಮೊರಾಕ್ಕೊದ ಮರ‍್ರಾಕೆಶ್‌ನಲ್ಲಿ ಕಟ್ಟಿಸಿದ ಜಾಮಿಯಾ ಮಸೀದಿಗಾಗಿ ಅದನ್ನು ಕುರ್ತುಬಾದಲ್ಲೇ ಮಾಡಿಸಿದರು. ಹಿಜರಿ 532ರ ಮುಹರ‍್ರಮ್‌ನಲ್ಲಿ, ಅಂದರೆ ಕ್ರಿ.ಶ. 1137ರಲ್ಲಿ, ಕೆಲಸ ಶುರುವಾಯಿತೆಂದು ಅದರ ಮೇಲಿನ ಬರಹವೇ ಹೇಳುತ್ತದೆ. ಬಿಡಿ ಬಿಡಿ ಭಾಗಗಳಾಗಿ ಸಮುದ್ರ ದಾಟಿಸಿ, ಮರ‍್ರಾಕೆಶ್‌ನಲ್ಲಿ ಜೋಡಿಸಿದರು. ಹತ್ತು ವರ್ಷದಲ್ಲಿ ರಾಜ್ಯ ಬದಲಾಯಿತು. 1147ರಲ್ಲಿ ಪಟ್ಟಣ ಗೆದ್ದ ಮುವಹ್ಹಿದರು ಹಿಂದಿನವರ ಮಸೀದಿಯನ್ನು ಒಪ್ಪಲಿಲ್ಲ. ಮಿಂಬರನ್ನು ಮಾತ್ರ ಜೋಪಾನವಾಗಿ ತಮ್ಮ ಹೊಸ ಕುತುಬಿಯ್ಯಾ ಮಸೀದಿಗೆ ಸಾಗಿಸಿದರು. ಅಲ್ಲಿ ಅದು ಜುಮಾ ದಿನ ತಾನಾಗಿಯೇ ಗೋಡೆಯೊಳಗಿಂದ ಹೊರಗೆ ಸರಿದು ಬರುವಂತೆ ಯಂತ್ರವನ್ನೂ ಅಳವಡಿಸಿದ್ದರೆಂದು ಚರಿತ್ರೆಗಾರರು ಬರೆದಿದ್ದಾರೆ. ಶತ್ರುವಿನದು ಎಂದು ಗೊತ್ತಿದ್ದೂ ಒಡೆಯಲು ಮನಸ್ಸು ಬಾರದ ವಸ್ತು ಅದು. ಸುಮಾರು 800 ವರ್ಷ, 1962ರ ತನಕ, ಅದರ ಮೇಲೆ ನಿಂತು ಖುತ್ಬಾ ಕೊಟ್ಟರು. ಈಗ ಮರ‍್ರಾಕೆಶ್‌ನ ಬದೀ ಅರಮನೆಯಲ್ಲಿ ಇಟ್ಟಿದ್ದಾರೆ.

ಎತ್ತರ ಹೆಚ್ಚುಕಡಿಮೆ 3.86 ಮೀಟರ್, ಅಂದರೆ ಹನ್ನೆರಡೂವರೆ ಅಡಿಗೆ ತುಸು ಹೆಚ್ಚು. ಅಗಲ ಒಂದು ಮೀಟರೂ ಇಲ್ಲ. ಇಷ್ಟು ಜಾಗದಲ್ಲಿ ಕೂರಿಸಿದ ಮರದ ಮತ್ತು ಎಲುಬಿನ ತುಂಡುಗಳು ಹತ್ತು ಲಕ್ಷಕ್ಕೂ ಮೀರಿವೆ. ಹತ್ತಿರ ನಿಂತರೆ ಎಂಟು ಮೂಲೆಯ ನಕ್ಷತ್ರಗಳು, ಅವುಗಳ ನಡುವೆ ಒಂದರ ಮೇಲೊಂದು ಒಂದರ ಕೆಳಗೊಂದು ಹೆಣೆದುಕೊಂಡು ಓಡುವ ಪಟ್ಟಿಗಳು. ಪಟ್ಟಿಯೊಳಗೆ ಅಕ್ಕಿಕಾಳಿಗಿಂತ ಸಣ್ಣ ಚೂರುಗಳ ಚೌಕುಳಿ. ಪಟ್ಟಿಗಳ ನಡುವೆ ಉಳಿದ ಖಾಲಿ ಜಾಗದಲ್ಲಿ ಬಳ್ಳಿ ಎಲೆಗಳ ಕೆತ್ತನೆ. ಕಪ್ಪಿಗೆ ಆಫ್ರಿಕಾದ ಕರಿಮರ. ಬಿಳಿಗೆ ಏನು ಎಂದು ಕೇಳಿದರೆ ನಾವೆಲ್ಲರೂ ಆನೆದಂತ ಎಂದೇ ಹೇಳುತ್ತೇವೆ. ಅದು ಎಲುಬು. ಜಗತ್ತಿನ ಅತ್ಯುತ್ತಮ ಮಿಂಬರ್ ಎಂದು ಹೆಸರಾದ ವಸ್ತುವಿನ ಬಿಳುಪು ಕಸಾಯಿಖಾನೆಯಲ್ಲಿ ಸಿಗುವ ಸಾಮಾನಿನಿಂದ ಬಂದಿದೆ. ಬೆಲೆ ಬಂದದ್ದು ಕತ್ತರಿಸಿದ ರೀತಿಯಿಂದ.

14ನೇ ಶತಮಾನದ ಪಂಡಿತ ಇಬ್ನ್ ಮರ್ಝೂಕ್ ತಮ್ಮ ಕಾಲದ ಕಸುಬುದಾರರ ಅಭಿಪ್ರಾಯವನ್ನು ದಾಖಲಿಸಿದ್ದಾರೆ: ಕುರ್ತುಬಾ ಮಸೀದಿಯದು ಮತ್ತು ಕುತುಬಿಯ್ಯಾದ್ದು, ಈ ಎರಡು ಮಿಂಬರ್‌ಗಳನ್ನು ಮೀರಿಸಿದ ಕೆಲಸವಿಲ್ಲ ಎಂದು. ಒಂದು ಕಸುಬಿನವರು ಇನ್ನೊಬ್ಬರ ಕೆಲಸವನ್ನು ಹೊಗಳುವುದು ಎಷ್ಟು ಅಪರೂಪ ಎಂದು ಇಲ್ಲಿ ಕುಳಿತಿರುವ ಉಸ್ತಾದರಿಗೆ ಗೊತ್ತು.

1996ರಿಂದ 97ರವರೆಗೆ ಮೊರಾಕ್ಕೊದ ತಜ್ಞರೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನವರೂ ಸೇರಿ ಅದನ್ನು ಸ್ವಚ್ಛ ಮಾಡಿ ದುರಸ್ತಿ ಮಾಡಿದರು. ಶತಮಾನಗಳ ಧೂಳು, ಎಣ್ಣೆ, ಕೈ ಮುಟ್ಟಿದ ಕಲೆ ತೆಗೆಯುತ್ತಾ ಹೋದಂತೆ ಬಣ್ಣಗಳು ಹೊರಬಂದವು.

ಕೆಲಸ ನಡೆಯುವ ಬಗೆ ಹೇಳದಿದ್ದರೆ "ಇದು ವಿದ್ಯೆಯೇ" ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಎರಡು ದಾರಿಗಳಿವೆ. ಮೊದಲನೆಯದು ನಮ್ಮ ಮೈಸೂರಿನವರಿಗೆ ಗೊತ್ತಿರುವ ದಾರಿ: ಮರದ ಹಲಗೆಯಲ್ಲಿ ಗುಳಿ ತೋಡಿ, ಅದೇ ಆಕಾರಕ್ಕೆ ಕತ್ತರಿಸಿದ ಇನ್ನೊಂದು ಮರವನ್ನೋ ಎಲುಬನ್ನೋ ಮುತ್ತಿನ ಚಿಪ್ಪನ್ನೋ ಅದರಲ್ಲಿ ಕೂರಿಸುವುದು. ಗುಳಿ ಕೂದಲೆಳೆ ದೊಡ್ಡದಾದರೆ ಸಂದು ಕಾಣುತ್ತದೆ, ಚಿಕ್ಕದಾದರೆ ತುಂಡು ಒಡೆಯುತ್ತದೆ.

ಎರಡನೆಯದು ಗ್ರನಾಡಾದಲ್ಲಿ ಇಂದಿಗೂ ನಡೆಯುತ್ತಿರುವ ದಾರಿ. ಬೇರೆ ಬೇರೆ ಬಣ್ಣದ ಮರ, ಎಲುಬು ಇವುಗಳನ್ನು ಸಣ್ಣ ಸಣ್ಣ ಕಡ್ಡಿಗಳಾಗಿ ಸೀಳುತ್ತಾರೆ. ಕಡ್ಡಿಯ ತುದಿ ಕೆಲವದು ತ್ರಿಕೋನ, ಕೆಲವದು ಚೌಕ. ತುದಿಯ ಕಡೆಯಿಂದ ನೋಡಿದರೆ ನಕ್ಷತ್ರ ಕಾಣುವಂತೆ ಅವನ್ನು ಜೋಡಿಸಿ, ಅಂಟು ಹಾಕಿ, ಬಿಗಿಯಾಗಿ ಕಟ್ಟಿ ಒಣಗಿಸುತ್ತಾರೆ. ಒಣಗಿದ ಕಟ್ಟನ್ನು ಅಡ್ಡಕ್ಕೆ ತೆಳ್ಳಗೆ ಕೊಯ್ದರೆ ಪ್ರತಿ ಬಿಲ್ಲೆಯಲ್ಲೂ ಅದೇ ನಕ್ಷತ್ರ. ಪತ್ರೊಡೆ ಮಾಡುವ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ: ಸುತ್ತಿದ ಎಲೆಯನ್ನು ಎಲ್ಲಿ ಕೊಯ್ದರೂ ಅದೇ ಸುರುಳಿ. ಆದರೆ ಇಲ್ಲಿ ಒಂದು ಕಡ್ಡಿಯ ಕೋನ ಒಂದು ಡಿಗ್ರಿ ತಪ್ಪಿದರೂ ಎಂಟನೆಯ ಕಡ್ಡಿಗೆ ಬರುವ ಹೊತ್ತಿಗೆ ಬಾಯಿ ಬಿಟ್ಟ ಸಂದು ಎದ್ದು ಕಾಣುತ್ತದೆ. ಎಂಟು ಕಡ್ಡಿ ಸೇರಿ ಪೂರ್ತಿ ಸುತ್ತಾಗಬೇಕಾದರೆ ಒಂದೊಂದರ ತುದಿ 45 ಡಿಗ್ರಿ ಇರಬೇಕು. ಶಾಲೆಯಲ್ಲಿ ರೇಖಾಗಣಿತದ ಪಾಠಕ್ಕೆ ಹೆದರಿ ಬಿಟ್ಟ ಹುಡುಗ ಇದನ್ನು ಬೆರಳಲ್ಲಿ ಕಲಿಯುತ್ತಾನೆ.

ಮರ ಮರಕ್ಕೂ ಗುಣ ಬೇರೆ ಎಂಬುದು ಇನ್ನೊಂದು ಪಾಠ. ಮಳೆಗಾಲದಲ್ಲಿ ಒಂದು ಮರ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಎಲುಬು ಮರದಂತೆ ಹಿಗ್ಗುವುದಿಲ್ಲ. ಇವು ಮೂರೂ ಒಂದೇ ಹಲಗೆಯಲ್ಲಿ ನೂರು ವರ್ಷ ಜಗಳವಾಡದೆ ಕೂರಬೇಕು. ಯಾವ ಮರ ಎಷ್ಟು ಒಣಗಿದ ಮೇಲೆ ಕೊಯ್ಯಬೇಕು, ಯಾವುದನ್ನು ಯಾವುದರ ಪಕ್ಕ ಕೂರಿಸಬಾರದು, ಇದು ಪುಸ್ತಕದಲ್ಲಿ ಕಡಿಮೆ, ಉಸ್ತಾದರ ಕೈಯಲ್ಲಿ ಹೆಚ್ಚು.

ಗ್ರನಾಡಾದಲ್ಲಿ ಈ ಕಸುಬಿಗೆ ತರಸೆಯ ಎಂದು ಹೆಸರು. ಅರಬಿಯ "ತರ್ಸೀ" ಎಂಬ ಪದದಿಂದ ಬಂದದ್ದು, ಒಂದರಲ್ಲಿ ಇನ್ನೊಂದನ್ನು ಕೂರಿಸಿ ಅಲಂಕರಿಸುವುದು ಎಂದು ಅರ್ಥ. 1492ರಲ್ಲಿ ಗ್ರನಾಡಾದ ಆಳ್ವಿಕೆ ಹೋಯಿತು. 1609ರಿಂದ 1614ರ ನಡುವೆ, ಬಲವಂತವಾಗಿ ಮತಾಂತರಗೊಂಡಿದ್ದ ಮುಸ್ಲಿಮರ ವಂಶಸ್ಥರನ್ನೂ ದೇಶದಿಂದ ಹೊರಹಾಕಿದರು. ಜನ ಹೋದರು, ಪದ ಉಳಿಯಿತು, ಕಸುಬೂ ಉಳಿಯಿತು. ಹೊಸ ದೊರೆಗಳಿಗೂ ಬರೆಯುವ ಮೇಜು ಬೇಕಿತ್ತು, ಪೆಟ್ಟಿಗೆ ಬೇಕಿತ್ತು. ಅಲ್ಲಿಯ ಕುಲೀನರ ಮನೆಗಳಲ್ಲಿ ಎಲುಬಿನ ನಕ್ಷತ್ರ ಕೂರಿಸಿದ ಮೇಜುಗಳು ತಲೆಮಾರುಗಳ ಕಾಲ ಬಂದವು. ನಸ್ರೀ ಸುಲ್ತಾನರ ಕಾಲದ ಮಡಚುವ ಕುರ್ಚಿಯೊಂದು ಅಲ್‌ಹಂಬ್ರಾದ ಮ್ಯೂಸಿಯಮ್ಮಿನಲ್ಲಿದೆ. ಕಾಲುಗಳು ಕತ್ತರಿಯಂತೆ ಅಡ್ಡ ಹಾಯ್ದಿವೆ, ಮರದ ಮೇಲೆಲ್ಲ ತರಸೆಯ. ಇಂದಿನ ಗ್ರನಾಡಾದ ಅಂಗಡಿಗಳಲ್ಲಿ ಅದೇ ಕೆಲಸದ ಪೆಟ್ಟಿಗೆ, ಚದುರಂಗದ ಹಲಗೆ ಮಾರುತ್ತಾರೆ.

ಮೊರಾಕ್ಕೊದ ಕಡಲ ತೀರದ ಎಸ್ಸವೀರಾದ ಮಾತು ಬೇರೆ. 18ನೇ ಶತಮಾನದಲ್ಲಿ ಸುಲ್ತಾನ್ ಮುಹಮ್ಮದ್ ಬಿನ್ ಅಬ್ದುಲ್ಲಾ ಕಟ್ಟಿಸಿದ ಬಂದರು ಪಟ್ಟಣ. ಹಳೆಯ ಫಿರಂಗಿಗಳಿರುವ ಕೋಟೆಗೋಡೆಯ ಅಡಿಯಲ್ಲಿ, ಕಮಾನಿನ ಸಣ್ಣ ಕೋಣೆಗಳಲ್ಲಿ ಇನ್‌ಲೇ ಅಂಗಡಿಗಳಿವೆ. ಅವರ ಮರ ಥೂಯಾ. ಅದರ ಬೇರಿನ ಗಂಟನ್ನು ಕೊಯ್ದರೆ ಕಂದು ಮೈಮೇಲೆ ಕಣ್ಣು ಕಣ್ಣಿನಂಥ ಗುರುತು, ಮೂಗಿಗೆ ಸುವಾಸನೆ. ಅದರಲ್ಲಿ ನಿಂಬೆ ಜಾತಿಯ ಮರದ ಹಳದಿ, ಮುತ್ತಿನ ಚಿಪ್ಪಿನ ಬಿಳಿ ಕೂರಿಸುತ್ತಾರೆ. ಗಂಟು ಬೇಕಾದರೆ ಬೇರನ್ನೇ ಕೀಳಬೇಕು. ಕಿತ್ತರೆ ಮರ ಸತ್ತಂತೆ. ಪ್ರವಾಸಿಗರು ಹೆಚ್ಚಿದಷ್ಟೂ ಕಾಡು ಕಡಿಮೆಯಾಗುತ್ತಿದೆ. ಕೆಲಸಗಾರನ ಕೈ ಎಷ್ಟು ಚುರುಕಾಗಿದ್ದರೂ ಮರ ಇಲ್ಲದೆ ಏನು ಮಾಡಿಯಾನು?

ಇನ್ನು "ಮೂರಿಷ್" ಎಂಬ ಹೆಸರು. ಆ ಜನ ತಮ್ಮನ್ನು ತಾವು ಮೂರ್ ಎಂದು ಕರೆದುಕೊಂಡವರಲ್ಲ. ಯುರೋಪಿನವರು ಇಟ್ಟ ಹೆಸರು. 19ನೇ ಶತಮಾನದಲ್ಲಿ ಯುರೋಪಿಗೆ ಅಲ್‌ಹಂಬ್ರಾದ ಹುಚ್ಚು ಹಿಡಿಯಿತು. ಇಂಗ್ಲೆಂಡಿನ ವಾಸ್ತುಶಿಲ್ಪಿ ಓವನ್ ಜೋನ್ಸ್ ಅಲ್ಲಿಯ ಗೋಡೆ ಗೋಡೆಯ ನಕ್ಷೆ ಬರೆದು 1840ರ ದಶಕದಲ್ಲಿ ಬಣ್ಣದಲ್ಲಿ ಅಚ್ಚು ಹಾಕಿಸಿದರು. 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಅಲ್‌ಹಂಬ್ರಾದ ಅಂಗಳವನ್ನೇ ಕಟ್ಟಿ ತೋರಿಸಿದರು. ಸಾಹುಕಾರರ ಮನೆಗಳಲ್ಲಿ ಹುಕ್ಕಾ, ಸಿಗಾರ್ ಸೇದಲೆಂದೇ "ಮೂರಿಷ್ ಕೋಣೆ" ಬಂತು. ಅದಕ್ಕೆ ಮೇಜು ಬೇಕಲ್ಲ. ದಮಾಸ್ಕಸ್, ಕೈರೋಗಳಲ್ಲಿ ಮುತ್ತಿನ ಚಿಪ್ಪು ಕೂರಿಸಿ ಮಾಡಿದ ಆರು ಮೂಲೆ, ಎಂಟು ಮೂಲೆಯ ಟೀಪಾಯಿಗಳು ಹಡಗು ಹತ್ತಿದವು. ಅಂದಲೂಸಿಗೂ ಅವಕ್ಕೂ ಊರಿನ ಸಂಬಂಧವಿರಲಿಲ್ಲ, ಲೇಬಲ್ ಮಾತ್ರ ಮೂರಿಷ್. ಕೈರೋದಲ್ಲಿ ಜುಸೆಪ್ಪೆ ಪಾರ್ವಿಸ್ ಎಂಬ ಇಟಲಿಯವರು ಇದೇ ಬಗೆಯ ಪೀಠೋಪಕರಣ ಮಾಡಿಸಿ ಹೆಸರಾದರು. ಮಿಲಾನಿನಲ್ಲಿ ಕಾರ್ಲೊ ಬುಗಾಟ್ಟಿ ತಮ್ಮದೇ ವಿಚಿತ್ರ ಕುರ್ಚಿಗಳನ್ನು ಮಾಡಿದರು. ಅವು ಇಂದು ಮ್ಯೂಸಿಯಮ್ಮುಗಳಲ್ಲಿವೆ, ಚೆನ್ನಾಗಿಯೂ ಇವೆ. ಮಾಡಿಸಿದವರ ಹೆಸರು ಇಂದಿಗೂ ಮಾರಾಟದ ಪಟ್ಟಿಗಳಲ್ಲಿ ಕಾಣುತ್ತದೆ. ಚಿಪ್ಪು ಕತ್ತರಿಸಿದವರ ಹೆಸರು ಯಾವ ಟೀಪಾಯಿಯ ಅಡಿಯಲ್ಲಿದೆ?

ಅದಕ್ಕಿಂತ ಎಷ್ಟೋ ಮೊದಲು ಅಂದಲೂಸಿನಲ್ಲಿ ಹಾಗಿರಲಿಲ್ಲ ಎನ್ನುವುದಕ್ಕೆ ಒಂದು ಪೆಟ್ಟಿಗೆ ಸಾಕ್ಷಿ. ಹಿಜರಿ 395ರಲ್ಲಿ, ಅಂದರೆ 1004-05ರಲ್ಲಿ, ಕುರ್ತುಬಾದ ಪ್ರಬಲ ಮಂತ್ರಿ ಅಬ್ದುಲ್ ಮಲಿಕ್‌ಗಾಗಿ ಮಾಡಿದ ದಂತದ ಪೆಟ್ಟಿಗೆ ಈಗ ಸ್ಪೇನಿನ ಪಂಪ್ಲೋನಾ ಮ್ಯೂಸಿಯಮ್ಮಿನಲ್ಲಿದೆ. ಅದು ಇನ್‌ಲೇ ಅಲ್ಲ, ಕೆತ್ತನೆ. ಅದರಲ್ಲಿ ಉಸ್ತಾದ್ ಫರಜ್ ಮತ್ತು ಅವರ ಶಾಗಿರ್ದರ ಕೆಲಸ ಎಂದು ಬರೆದಿದೆ. ಬೇರೆ ಬೇರೆ ಫಲಕಗಳಲ್ಲಿ ಮಿಸ್ಬಾಹ್, ಖೈರ್ ಎಂಬ ಹೆಸರುಗಳೂ ಸಣ್ಣದಾಗಿ ಇವೆ. ಮಂತ್ರಿಯ ಹೆಸರು ದೊಡ್ಡ ಅಕ್ಷರದಲ್ಲಿ ಅಂಚಿನ ಸುತ್ತ ಓಡುತ್ತದೆ. ಆದರೂ ಕಲಿಯುವ ಹುಡುಗರಿಗೆ ಹೆಸರು ಬರೆಯಲು ಜಾಗ ಬಿಟ್ಟಿದ್ದರು. ಸಾವಿರ ವರ್ಷ ದಾಟಿದರೂ ನಾವು ಈ ಊರಿನಲ್ಲಿ ಕುಳಿತು ಆ ಶಾಗಿರ್ದರ ಹೆಸರು ಹೇಳುತ್ತಿದ್ದೇವೆ.

ಈಗ ನಮ್ಮ ಮೈಸೂರು. ನಮ್ಮ ಇನ್‌ಲೇ ಅಂದಲೂಸಿನಿಂದ ಬಂದದ್ದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಇಲ್ಲಿಯ ಬೀಟೆ ಮರ, ಇಲ್ಲಿಯ ಅರಸರ ಆಶ್ರಯ, ಇಲ್ಲಿಯ ಕೈಗಳು. ಆನೆ, ಅಂಬಾರಿ, ಹಳ್ಳಿಯ ದಾರಿ ನಮ್ಮ ಹಲಗೆಗಳಲ್ಲಿ ಬರುತ್ತವೆ. ಅಲ್ಲಿ ನಕ್ಷತ್ರ ಬರುತ್ತದೆ. ಆದರೆ ಕಸುಬಿನ ಲೆಕ್ಕ ಒಂದೇ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟ ಮೇಲೆ 1912ರ ಹೊತ್ತಿಗೆ ಈಗಿನ ಅರಮನೆ ಎದ್ದಿತು. ಅದರ ಅಂಬಾವಿಲಾಸದಲ್ಲಿ ದಂತ ಕೂರಿಸಿದ ಬೀಟೆ ಬಾಗಿಲುಗಳನ್ನು ದಸರಾ ಸಮಯದಲ್ಲಿ ನೋಡದವರು ಇಲ್ಲಿ ಕಡಿಮೆ. 1972ರ ವನ್ಯಜೀವಿ ಕಾಯ್ದೆ ಮತ್ತು ನಂತರದ ತಿದ್ದುಪಡಿಗಳಿಂದ ದಂತ ನಿಂತಿತು. ನಿಲ್ಲಬೇಕಾದದ್ದೇ. ಅದರ ಜಾಗಕ್ಕೆ ಬಣ್ಣ ಬಣ್ಣದ ಮರಗಳು ಬಂದವು, ಹಲಸಿನ ಹಳದಿ ಬಂತು, ಪ್ಲಾಸ್ಟಿಕ್ಕೂ ಬಂತು. ದಂತ ಹೋದ ಮೇಲೆ ಕೆಲಸದ ಗೌರವ ಹೋಯಿತು ಎಂದು ಹಳಬರು ಹೇಳುವುದುಂಟು. ಅವರಿಗೆ ಕುತುಬಿಯ್ಯಾದ ಎಲುಬನ್ನು ನೆನಪಿಸುತ್ತೇವೆ.

ಮೈಸೂರು ಇನ್‌ಲೇಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ, ಒಳ್ಳೆಯದೇ. ಆದರೆ ಮಂಡಿ ಮೊಹಲ್ಲಾದ ಗಲ್ಲಿಯಲ್ಲಿ ಕುಳಿತವರಿಗೆ ತುಂಡಿನ ಲೆಕ್ಕದಲ್ಲೇ ಹಣ ಬರುತ್ತದೆ. ಕಲಿಯುವ ಹುಡುಗ ಮೊದಲ ವರ್ಷ ಮಾಡುವ ತುಂಡುಗಳಲ್ಲಿ ಮಾರಲು ಆಗುವುದು ಎಷ್ಟು? ಮನೆಯಲ್ಲಿ ಹಣದ ಅಡಚಣೆ ಇದ್ದರೆ ಅವನು ಎರಡು ತಿಂಗಳಲ್ಲಿ ಬಿಟ್ಟು ಡೆಲಿವರಿ ಕೆಲಸಕ್ಕೆ ಹೋಗುತ್ತಾನೆ, ಅಥವಾ ಪಾಲಿಶ್ ಒಂದನ್ನೇ ಕಲಿತು ಅಲ್ಲೇ ನಿಲ್ಲುತ್ತಾನೆ. ಅವನಲ್ಲಿ ದೋಷ ಹುಡುಕಬೇಡಿ. ಕುರ್ತುಬಾದಲ್ಲಿ ಏಳು ವರ್ಷ ದಿನದ ಮಜೂರಿ ಕೊಟ್ಟು ಕಾಯುವವರಿದ್ದರು, ಸಹಾಯಕರಿಗೂ ಕೆಲಸವಿತ್ತು. ನಾವು ಕೊಡಲು ಹೊರಟಿರುವುದು ಆ ಕಾಯುವ ಕಾಲವನ್ನು. ಎಂಜಿನಿಯರಿಂಗ್ ಓದುವ ಮಗುವಿಗೆ ನಾಲ್ಕು ವರ್ಷ ಫೀಸು ಕಟ್ಟುವಾಗ ನಾವು ಮೊದಲ ಸೆಮಿಸ್ಟರಿನಲ್ಲೇ ಸೇತುವೆ ಕಟ್ಟು ಎಂದು ಕೇಳುತ್ತೇವೆಯೇ?

ಒಂದು ವಿಷಯ ಸ್ಪಷ್ಟಪಡಿಸುತ್ತೇವೆ: ಇದರಿಂದ ಕಾಲೇಜು ಮಕ್ಕಳ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಹೊಸ ವಿಭಾಗಕ್ಕೆ ಪ್ರತ್ಯೇಕ ಖಾತೆ ಇದೆ, ಅದಕ್ಕೆಂದೇ ಕೊಡುವವರ ಹಣ ಅದಕ್ಕೇ ಹೋಗುತ್ತದೆ. ಇನ್ನೊಂದು: ಹುಡುಗಿಯರೂ ಅರ್ಜಿ ಹಾಕಬಹುದು. ತೆಳು ಗರಗಸ ಹಿಡಿಯುವ ಕೈಗೆ ಗಂಡು ಹೆಣ್ಣೆಂಬ ಲೆಕ್ಕವಿಲ್ಲ.

ದಾನಿಗಳಲ್ಲಿ ಹಲವರು ಮದುವೆಗೆ, ಉದ್ಘಾಟನೆಗೆ ಇನ್‌ಲೇ ಉಡುಗೊರೆ ಕೊಳ್ಳುವವರು. ಕೊಳ್ಳುವಾಗ ಇಷ್ಟು ನೋಡಿ. ಚಿತ್ರದ ಅಂಚಿನ ಮೇಲೆ ಬೆಳಕು ಓರೆಯಾಗಿ ಬೀಳುವಂತೆ ಹಿಡಿಯಿರಿ. ಅಚ್ಚು ಹಾಕಿ ಅಂಟಿಸಿದ ಹಾಳೆಯಾದರೆ ಮರದ ಎಳೆ ಚಿತ್ರದೊಳಗೂ ಹೊರಗೂ ಬದಲಾಗದೆ ಓಡುತ್ತದೆ ಅಥವಾ ಎಳೆಯೇ ಇರುವುದಿಲ್ಲ. ನಿಜವಾದ ಇನ್‌ಲೇಯಲ್ಲಿ ಪ್ರತಿ ತುಂಡಿನ ಎಳೆ ತನ್ನದೇ ದಿಕ್ಕಿಗೆ ಹೋಗುತ್ತದೆ. ಎಲುಬಿನ ತುಂಡಾದರೆ ಭೂತಗನ್ನಡಿಯಲ್ಲಿ ಸಣ್ಣ ಕಪ್ಪು ಚುಕ್ಕೆ, ಗೆರೆ ಕಾಣುತ್ತವೆ. ಪ್ಲಾಸ್ಟಿಕ್ ಎಲ್ಲ ಕಡೆ ಒಂದೇ ಬಿಳಿ. ಆನೆದಂತ ಎಂದು ಯಾರಾದರೂ ಪಿಸುಮಾತಿನಲ್ಲಿ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ, ಅದು ಅಪರಾಧ. ಮನೆಗೆ ತಂದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಏಸಿಯ ಗಾಳಿಗೂ ಕಿಟಕಿಯ ಬಿಸಿಲಿಗೂ ನೇರವಾಗಿ ಇಡಬೇಡಿ. ಮರ ಒಂದು ಕಡೆ ಕುಗ್ಗಿದರೆ ಕೂರಿಸಿದ ತುಂಡು ಏಳುತ್ತದೆ. ಎದ್ದ ತುಂಡನ್ನು ಕಸಕ್ಕೆ ಹಾಕದೆ ಒಂದು ಲಕೋಟೆಯಲ್ಲಿ ಇಟ್ಟುಕೊಂಡರೆ ಉಸ್ತಾದರು ಮತ್ತೆ ಕೂರಿಸಿಕೊಡುತ್ತಾರೆ. ಮಾಡಿದವರ ಹೆಸರು ಕೇಳಿ, ಅಡಿಯಲ್ಲಿ ಬರೆಸಿಕೊಳ್ಳಿ. ಹತ್ತು ಮಂದಿ ಗಿರಾಕಿಗಳು ಕೇಳಿದರೆ ಅಂಗಡಿಯವರು ಹನ್ನೊಂದನೆಯವರಿಗೆ ತಾವೇ ಬರೆದುಕೊಡುತ್ತಾರೆ.

ಪೋಷಕರ ಗಮನಕ್ಕೆ: ಈ ವಿಭಾಗದ ಅರ್ಜಿ ನಮೂನೆ ಉಳಿದವುಗಳ ಜೊತೆಗೇ ಕಚೇರಿಯಲ್ಲಿ ಸಿಗುತ್ತದೆ. ಉಸ್ತಾದರ ಸಹಿ ಇರುವ ಒಂದು ಪತ್ರ ಬೇಕು: ಎಂದಿನಿಂದ ಕಲಿಯುತ್ತಿದ್ದಾರೆ, ದಿನಕ್ಕೆ ಎಷ್ಟು ಹೊತ್ತು, ಸದ್ಯ ಯಾವ ಹಂತದ ಕೆಲಸ, ಗರಗಸವೋ ಕೂರಿಸುವುದೋ ಪಾಲಿಶೋ. ಹದಿನೆಂಟು ತುಂಬದವರು ಶಾಲೆ ಬಿಟ್ಟಿರಬಾರದು. ಶಾಲೆಯ ಪ್ರಮಾಣಪತ್ರವನ್ನೂ ಲಗತ್ತಿಸಬೇಕು, ಕಲಿಕೆ ಶಾಲೆಯ ಸಮಯದ ಹೊರಗೆ ಇರಬೇಕು. ಅಂಕಪಟ್ಟಿಯ ಬದಲು ತಾವೇ ಮಾಡಿದ ಒಂದು ತುಂಡನ್ನು ಸಂದರ್ಶನಕ್ಕೆ ತನ್ನಿ. ಸಂದು ಬಿಟ್ಟದ್ದಾದರೂ ಸರಿ, ಒಡೆದದ್ದಾದರೂ ಸರಿ, ಎಲ್ಲಿ ಒಡೆಯಿತು, ಏಕೆ ಒಡೆಯಿತು ಎಂದು ಹೇಳಲು ಬಂದರೆ ಸಾಕು. ಹಿಂಬದಿಯಲ್ಲಿ ಪೆನ್ಸಿಲಿನಿಂದ ನಿಮ್ಮ ಹೆಸರು ಬರೆದಿರಲಿ.